ಟೊಮೆಟೊ ಸಲಾಡ್ ನೀರಾಗದಂತೆ ಮಾಡುವ ಬಗೆ: ಮೆಡಿಟರೇನಿಯನ್ ಕ್ರಮದ ಸಮಗ್ರ ಮಾರ್ಗದರ್ಶಿ

ಗ್ರೀಸ್, ಇಟಲಿ, ಟರ್ಕಿಗಳ ಮನೆಗಳಲ್ಲಿ ಬೇಸಿಗೆಯುದ್ದಕ್ಕೂ ಊಟಕ್ಕೆ ಬರುವ ಟೊಮೆಟೊ ಸಲಾಡುಗಳಿಗೆ ಬೇಕಾಗುವುದು ಐದಾರು ಪದಾರ್ಥಗಳು ಮಾತ್ರ. ಒಲೆ ಹಚ್ಚುವ ಕೆಲಸವೂ ಇಲ್ಲ. ಆದರೂ ಇದನ್ನು ನಮ್ಮ ಮನೆಗಳಲ್ಲಿ ಮಾಡಿ ನೋಡಿದವರ ದೂರು ಹೆಚ್ಚುಕಡಿಮೆ ಒಂದೇ: ತಟ್ಟೆಯ ತಳದಲ್ಲಿ ತೆಳ್ಳಗೆ ನೀರು ನಿಲ್ಲುತ್ತದೆ, ಟೊಮೆಟೊ ಸಪ್ಪೆಯಾಗಿರುತ್ತದೆ, ದುಡ್ಡು ಕೊಟ್ಟು ತಂದ ಎಣ್ಣೆ ಮೇಲೆ ತೇಲುತ್ತದೆ. ಪದಾರ್ಥಗಳು ಸರಿಯಾಗಿದ್ದರೂ ಹೀಗಾಗುತ್ತದೆ. ಯಾವುದರ ನಂತರ ಯಾವುದು ಎಂಬ ಕ್ರಮ ತಪ್ಪಿದಾಗ ಯಾವ ಎಣ್ಣೆಯೂ, ಯಾವ ಚೀಸೂ ಅದನ್ನು ಸರಿಪಡಿಸಲಾರದು.

ಕೋಸಂಬರಿ ಮಾಡಿ ಕೈ ಪಳಗಿದವರು ಇಲ್ಲಿ ಹೆಚ್ಚು ಎಡವುವುದನ್ನು ನಾನು ಕಂಡಿದ್ದೇನೆ. ಬಡಿಸುವ ಹೊತ್ತಿಗೆ ಉಪ್ಪು ಬೆರೆಸಬೇಕು, ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ ಎಂಬುದು ಕೋಸಂಬರಿಯ ಮಟ್ಟಿಗೆ ನೂರಕ್ಕೆ ನೂರು ಸರಿ. ಟೊಮೆಟೊ ವಿಷಯದಲ್ಲಿ ಅದೇ ನಿಯಮ ತಿರುಗುಮುರುಗಾಗುತ್ತದೆ. ಸೌತೆಕಾಯಿ ಬಿಡುವ ನೀರಿಗೆ ರುಚಿಯಿಲ್ಲ, ಅದನ್ನು ಚೆಲ್ಲಬೇಕು. ಟೊಮೆಟೊ ಬಿಡುವ ನೀರಿನಲ್ಲಿ ಹಣ್ಣಿನ ಹುಳಿ, ಸಿಹಿ, ಪರಿಮಳ ಎಲ್ಲವೂ ಇಳಿದಿರುತ್ತವೆ, ಅದನ್ನು ಬೇಕೆಂದೇ ಬಿಡಿಸಿ ಉಳಿಸಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಎರಡು ನೀರುಗಳ ವ್ಯತ್ಯಾಸವನ್ನು ಆಧರಿಸಿವೆ.

ಗ್ರೀಸಿನ ಹೊರಿಯಾಟಿಕಿ, ಅಂದರೆ ಹಳ್ಳಿಯ ಸಲಾಡ್, ಇಲ್ಲಿ ಮುಖ್ಯ ಮಾದರಿ. ಉಳಿದ ಮೂರು ಸಲಾಡುಗಳಲ್ಲಿ ಎಲ್ಲಿ ಬದಲಾವಣೆ ಬೇಕು ಎಂಬುದನ್ನು ಆಮೇಲೆ ಹೇಳಿದೆ.

## ಅಳತೆ ಮತ್ತು ಸಲಕರಣೆ

ನಾಲ್ಕು ಜನರಿಗೆ:

- ಚೆನ್ನಾಗಿ ಮಾಗಿದ ಟೊಮೆಟೊ 600 ಗ್ರಾಂ
- ಸೌತೆಕಾಯಿ 1, ಸುಮಾರು 200 ಗ್ರಾಂ
- ಸಣ್ಣ ಈರುಳ್ಳಿ 1
- ಹಸಿರು ದೊಣ್ಣೆ ಮೆಣಸಿನಕಾಯಿ ಅರ್ಧ
- ಫೆಟಾ ಚೀಸ್ 150 ಗ್ರಾಂ, ಒಂದೇ ತುಂಡಾಗಿ
- ಬೀಜವಿರುವ ಕಲಮಾಟಾ ಆಲಿವ್ 12
- ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ 4 ದೊಡ್ಡ ಚಮಚ
- ಒಣ ಒರೆಗಾನೊ 1 ಚಮಚ
- ಪುಡಿ ಉಪ್ಪು ಅರ್ಧ ಚಮಚ
- ಕೆಂಪು ವೈನ್ ವಿನೆಗರ್ 2 ಚಮಚ, ಬೇಕೆನಿಸಿದರೆ ಮಾತ್ರ

ಚಮಚ ಎಂದಲ್ಲಿ 5 ಮಿಲಿಲೀಟರಿನದು, ದೊಡ್ಡ ಚಮಚ ಎಂದಲ್ಲಿ 15 ಮಿಲಿಲೀಟರಿನದು. ಸಲಕರಣೆಯಾಗಿ ಹರಿತವಾದ ಚಾಕು, ಒಂದು ಜರಡಿ, ಎರಡು ಅಗಲವಾದ ಬಟ್ಟಲು ಮತ್ತು ಒಣ ಹತ್ತಿಬಟ್ಟೆ ಇದ್ದರೆ ಸಾಕು. ಬಟ್ಟಲು ಸ್ಟೀಲ್, ಗಾಜು ಅಥವಾ ಪಿಂಗಾಣಿಯದಾಗಿರಲಿ. ಉಪ್ಪು ಬೆರೆತ ಟೊಮೆಟೊ ರಸವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಾಗಲಿ ಇಡಬಾರದು.

## ಹಂತ 1: ಟೊಮೆಟೊ ಆರಿಸುವುದು

ನಮ್ಮ ಮಾರುಕಟ್ಟೆಯಲ್ಲಿ ಎರಡು ಬಗೆಯ ಟೊಮೆಟೊ ಎದ್ದು ಕಾಣುತ್ತವೆ. ಉದ್ದುದ್ದಕ್ಕೆ, ಗಟ್ಟಿಯಾಗಿ, ದಪ್ಪ ಸಿಪ್ಪೆಯೊಂದಿಗೆ ಇರುವ ಹೈಬ್ರಿಡ್ ಹಣ್ಣು ಲಾರಿಯ ದೂರದ ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಅದರಲ್ಲಿ ತಿರುಳು ಹೆಚ್ಚು, ಬೀಜದ ಸುತ್ತಲಿನ ಲೋಳೆ ಕಡಿಮೆ, ಆದ್ದರಿಂದ ಸಲಾಡಿನಲ್ಲಿ ಅದು ಸಪ್ಪೆಯೆನಿಸುತ್ತದೆ. ಗುಂಡಗೆ, ಒಂದಿಷ್ಟು ಏಣು ಏಣಾಗಿರುವ ನಾಟಿ ಟೊಮೆಟೊ (ಉತ್ತರ ಕರ್ನಾಟಕದವರ ಜವಾರಿ) ತೆಳು ಸಿಪ್ಪೆಯದು, ರಸ ಹೆಚ್ಚು, ಹುಳಿಯೂ ಹೆಚ್ಚು. ಸಲಾಡಿಗೆ ನಾಟಿಯನ್ನೇ ಆರಿಸಿಕೊಳ್ಳಿ. ಅದರ ಹುಳಿಯಿಂದ ತೊಂದರೆಯೇನೂ ಇಲ್ಲ, ವಿನೆಗರ್ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಬೀಜದ ಲೋಳೆಯ ಬಗ್ಗೆ ಒಂದು ಮಾತು. ಟೊಮೆಟೊಗೆ ಬಾಯಿ ತುಂಬುವ ರುಚಿ ಕೊಡುವ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಈ ಲೋಳೆಯಲ್ಲಿ ಹೆಚ್ಚಾಗಿರುತ್ತದೆ. ನೀರಾಗುವ ಭಯದಿಂದ ಅದನ್ನು ಕೆತ್ತಿ ಎಸೆಯುವವರು ಸಲಾಡಿನ ರುಚಿಯನ್ನೇ ಎಸೆದಂತಾಗುತ್ತದೆ.

ಅಂಗಡಿಯಲ್ಲಿ ಹಣ್ಣನ್ನು ಕೈಯಲ್ಲಿ ತೂಗಿ ನೋಡಿ, ಗಾತ್ರಕ್ಕೆ ತಕ್ಕ ಭಾರವಿರಬೇಕು. ಹಗುರವಾದ ಹಣ್ಣಿನ ಒಳಗೆ ಟೊಳ್ಳಿರುತ್ತದೆ. ತೊಟ್ಟಿನ ಕುಳಿಯ ಹತ್ತಿರ ಮೂಗಿಟ್ಟರೆ ಟೊಮೆಟೊ ಗಿಡದ ಎಲೆ ಉಜ್ಜಿದಾಗ ಬರುವಂಥ ವಾಸನೆ ಬರಬೇಕು. ಬಣ್ಣ ತೊಟ್ಟಿನ ಸುತ್ತಲೂ ಏರಿರಬೇಕು. ಕೆಳಗೆಲ್ಲ ಕೆಂಪಾಗಿ ಮೇಲ್ಭಾಗದಲ್ಲಿ ಹಳದಿ ಪಟ್ಟಿಯಿದ್ದರೆ ಅಲ್ಲಿನ ತಿರುಳು ಗಟ್ಟಿಯಾಗಿ, ಬೆಳ್ಳಗೆ ಉಳಿದಿರುತ್ತದೆ.

ದೊಡ್ಡ ಹಣ್ಣುಗಳೆಲ್ಲ ಸಪ್ಪೆಯಾಗಿ ಸಿಗುವ ಮಳೆಗಾಲದ ತಿಂಗಳುಗಳಲ್ಲಿ ಚೆರ್ರಿ ಟೊಮೆಟೊ ಕೊಳ್ಳುವುದು ಒಳ್ಳೆಯದು. ಸಿಹಿಯ ವಿಷಯದಲ್ಲಿ ಅವು ಅಷ್ಟಾಗಿ ಕೈಕೊಡುವುದಿಲ್ಲ.

## ಹಂತ 2: ಮಾಗಲು ಬಿಡುವುದು, ಎರಡರಿಂದ ನಾಲ್ಕು ದಿನ

ತಂದ ದಿನವೇ ಸಲಾಡ್ ಮಾಡುವ ಅವಸರ ಹಲವರ ಸೋಲಿಗೆ ಕಾರಣ. ಸಾರಿಗೆ ಆಗುವ ದೋರೆಗಾಯಿ ಸಲಾಡಿಗೆ ಆಗದು. ಹಣ್ಣುಗಳನ್ನು ತೊಟ್ಟಿನ ಭಾಗ ಕೆಳಗೆ ಬರುವಂತೆ, ಒಂದಕ್ಕೊಂದು ತಾಗದಂತೆ, ಗಾಳಿಯಾಡುವ ನೆರಳಿನಲ್ಲಿ ಹರಡಿಡಿ. ತೊಟ್ಟು ಕಳಚಿದ ಗುರುತಿನ ಮೂಲಕವೇ ಹಣ್ಣು ಹೆಚ್ಚಾಗಿ ತೇವ ಕಳೆದುಕೊಳ್ಳುವುದರಿಂದ ಹಾಗೆ ಬೋರಲು ಇಟ್ಟರೆ ಅದು ಬೇಗ ಸುಕ್ಕುಗಟ್ಟುವುದಿಲ್ಲ. ಬೇಗ ಮಾಗಬೇಕಿದ್ದರೆ ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡಬಹುದು.

ಬಿಸಿಲಿಗೆ ಇಡಬೇಡಿ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಣ್ಣಿನಲ್ಲಿ ಕೆಂಪು ಬಣ್ಣ ಕೊಡುವ ಲೈಕೋಪಿನ್ ಸರಿಯಾಗಿ ತಯಾರಾಗುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದಲ್ಲೇ ನಿಂತು ಮೆತ್ತಗಾಗುತ್ತದೆ. 20ರಿಂದ 25 ಡಿಗ್ರಿ ಇರುವ ಮೂಲೆ ಸರಿಯಾದ ಜಾಗ.

ಫ್ರಿಜ್ಜಿನ ಬಗ್ಗೆ ನಾನು ಕಟ್ಟುನಿಟ್ಟು. ಸುಮಾರು 12 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಟೊಮೆಟೊ ಮಾಗುವುದು ನಿಂತುಹೋಗುತ್ತದೆ, ಪರಿಮಳ ಕೊಡುವ ಅಂಶಗಳೂ ಕುಗ್ಗುತ್ತವೆ. ಪೂರ್ತಿ ಮಾಗಿದ ಹಣ್ಣನ್ನು ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದಿದ್ದರೆ ಒಂದೆರಡು ದಿನ ಇಡಬಹುದು, ಆದರೆ ಹೆಚ್ಚುವ ಹಲವು ಗಂಟೆ ಮೊದಲೇ ಹೊರಗೆ ತೆಗೆದಿಡಬೇಕು. ಅರ್ಧ ಮಾಗಿದ್ದನ್ನು ಫ್ರಿಜ್ಜಿಗೆ ಇಟ್ಟರೆ ಅದನ್ನು ಮತ್ತೆ ಸಲಾಡಿನ ಹಣ್ಣಾಗಿ ಮಾಡಲಾಗದು. ಅದನ್ನು ಸಾರಿಗೋ ಗೊಜ್ಜಿಗೋ ಬಳಸಿ.

## ಹಂತ 3: ಎಣ್ಣೆ, ಚೀಸ್, ಒರೆಗಾನೊಗಳ ಪರೀಕ್ಷೆ

ಇದನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ.

ಅಂಗಡಿಯಲ್ಲಿ ‘ಪೋಮಸ್’, ‘ಲೈಟ್’ ಎಂದು ಬರೆದಿರುವ ಆಲಿವ್ ಎಣ್ಣೆಗಳು ಕರಿಯಲು, ಒಗ್ಗರಣೆಗೆ ಆಗುತ್ತವೆ. ಹಸಿಯಾಗಿ ತಿನ್ನುವ ಸಲಾಡಿಗೆ ಎಕ್ಸ್‌ಟ್ರಾ ವರ್ಜಿನ್ ಬೇಕು. ಒಂದು ಚಮಚ ಎಣ್ಣೆಯನ್ನು ಪುಟ್ಟ ಲೋಟಕ್ಕೆ ಹಾಕಿ, ಅಂಗೈಯಿಂದ ಮುಚ್ಚಿ ಒಂದು ನಿಮಿಷ ಬೆಚ್ಚಗೆ ಹಿಡಿದು ಮೂಸಿ ನೋಡಿ. ಹಸಿರು ಹುಲ್ಲಿನ ಅಥವಾ ಎಳೆಕಾಯಿಯ ವಾಸನೆ ಬರಬೇಕು, ನುಂಗಿದಾಗ ನಾಲಿಗೆಗೆ ತುಸು ಕಹಿಯೂ ಗಂಟಲಿಗೆ ತುಸು ಖಾರವೂ ತಾಗಬೇಕು. ಆ ಖಾರ ದೋಷವಲ್ಲ, ಎಣ್ಣೆ ತಾಜಾ ಇರುವ ಗುರುತು. ಬಹುದಿನ ಮುಚ್ಚಿಟ್ಟ ಹಪ್ಪಳದ ಡಬ್ಬಿ ತೆರೆದಾಗ ಹೊಡೆಯುವ ಕಮಟು ವಾಸನೆ ಬಂದರೆ ಆ ಸೀಸೆಯನ್ನು ಈ ಕೆಲಸಕ್ಕೆ ಬಳಸಬಾರದು.

ಫೆಟಾ ಎಂಬ ಹೆಸರಿಗೆ ಯುರೋಪಿನಲ್ಲಿ 2002ರಿಂದ ಮೂಲಸ್ಥಾನದ ರಕ್ಷಣೆಯಿದೆ. ಅಲ್ಲಿ ಅದು ಗ್ರೀಸಿನಲ್ಲೇ ತಯಾರಾಗಿರಬೇಕು, ಕನಿಷ್ಠ ಶೇ 70 ಭಾಗ ಕುರಿ ಹಾಲು ಇರಬೇಕು, ಉಳಿದದ್ದು ಆಡಿನ ಹಾಲು. ನಮ್ಮಲ್ಲಿ ಸಿಗುವುದರಲ್ಲಿ ಹಸುವಿನ ಹಾಲಿನದೂ ಇರುತ್ತದೆ, ಅದರಿಂದಲೂ ಸಲಾಡ್ ಆಗುತ್ತದೆ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಗಟ್ಟಿ ತುಂಡನ್ನೇ ಕೊಳ್ಳಿ. ಫೆಟಾ ಸಿಗದ ಊರಿನಲ್ಲಿ ಗಟ್ಟಿ ಪನೀರನ್ನು ಉಪ್ಪುನೀರಿನಲ್ಲಿ (ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 70 ಗ್ರಾಂ ಉಪ್ಪು) ಒಂದು ರಾತ್ರಿ ಫ್ರಿಜ್ಜಿನಲ್ಲಿ ಮುಳುಗಿಸಿಡಬಹುದು. ಅದು ಫೆಟಾ ಆಗುವುದಿಲ್ಲ, ಅದರ ಹುಳಿ ಇದಕ್ಕೆ ಬರದು. ಆದರೂ ಸಪ್ಪೆ ಪನೀರಿಗಿಂತ ಇದು ಎಷ್ಟೋ ಮೇಲು.

ಪಿಜ್ಜಾ ಜೊತೆಗೆ ಬರುವ ಪೊಟ್ಟಣಗಳಲ್ಲಿ ಬಹುಪಾಲು ಉಪ್ಪು, ಮಸಾಲೆ ಬೆರೆತ ಮಿಶ್ರಣವಿರುತ್ತದೆ, ಆದ್ದರಿಂದ ಬರೀ ಒರೆಗಾನೊ ಎಲೆಯಿರುವ ಡಬ್ಬಿಯನ್ನು ತನ್ನಿ. ಅದೂ ಸಿಗದಿದ್ದರೆ ಹಿತ್ತಿಲ ದೊಡ್ಡಪತ್ರೆಯ ಒಂದು ಎಳೆ ಎಲೆಯನ್ನು ದಾರದಂತೆ ಸಣ್ಣಗೆ ಹೆಚ್ಚಿ ಹಾಕಬಹುದು. ಒರೆಗಾನೊಗೆ ಘಮ ಕೊಡುವ ಕಾರ್ವಕ್ರೋಲ್ ಎಂಬ ಅಂಶ ದೊಡ್ಡಪತ್ರೆಯಲ್ಲೂ ಇರುವುದರಿಂದ ವಾಸನೆ ಹತ್ತಿರ ಬರುತ್ತದೆ. ಒಂದಕ್ಕಿಂತ ಹೆಚ್ಚು ಎಲೆ ಹಾಕಿದರೆ ಬೇರೇನೂ ತಿಳಿಯುವುದಿಲ್ಲ.

ಡಬ್ಬಿಯಲ್ಲಿ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಬರುವ ಕಪ್ಪು ಆಲಿವ್ ಬೇಡ. ಅದನ್ನು ಹಾಕುವುದಕ್ಕಿಂತ ಆಲಿವ್ ಇಲ್ಲದೆ ಮಾಡುವುದು ಮೇಲು.

## ಹಂತ 4: ಈರುಳ್ಳಿ ಮತ್ತು ಸೌತೆಕಾಯಿ ಮೊದಲು

ಟೊಮೆಟೊ ಮುಟ್ಟುವ ಮೊದಲು ಈ ಎರಡನ್ನು ಸಿದ್ಧಮಾಡಿಕೊಳ್ಳಿ, ಏಕೆಂದರೆ ಇವುಗಳಿಗೂ ಕಾಯುವ ಸಮಯ ಬೇಕು.

ಈರುಳ್ಳಿಯನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ ತಣ್ಣೀರಿನಲ್ಲಿ 10 ನಿಮಿಷ ನೆನೆಸಿದರೆ ಘಾಟು ಇಳಿಯುತ್ತದೆ. ಆಮೇಲೆ ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿ. ಒರೆಸದೆ ಹಾಕಿದ ಈರುಳ್ಳಿಯೊಂದರಿಂದಲೇ ಒಂದೆರಡು ಚಮಚ ನೀರು ತಟ್ಟೆ ಸೇರುತ್ತದೆ.

ಸೌತೆಕಾಯಿಯ ತುದಿ ಕತ್ತರಿಸಿ ತಿಂದು ನೋಡಿ, ಕಹಿಯಿದ್ದರೆ ಬೇರೆಯದನ್ನು ತೆಗೆದುಕೊಳ್ಳಿ. ಬಲಿತದ್ದಾದರೆ ಉದ್ದಕ್ಕೆ ಸೀಳಿ ಬೀಜದ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ. ಅರ್ಧ ಬೆರಳು ದಪ್ಪದ ಹೋಳು ಮಾಡಿ, ಎರಡು ಚಿಟಿಕೆ ಉಪ್ಪು ಸವರಿ, ಜರಡಿಯಲ್ಲಿ ಹಾಕಿ ಕೆಳಗೆ ಬಟ್ಟಲಿಟ್ಟು 15 ನಿಮಿಷ ಬಿಡಿ. ಬಟ್ಟಲಿಗೆ ಇಳಿದ ನೀರನ್ನು ಚೆಲ್ಲಿ, ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ. ಗ್ರೀಸಿನವರು ಸಾಮಾನ್ಯವಾಗಿ ಸೌತೆಯನ್ನು ಹೀಗೆ ಬಸಿಯುವುದಿಲ್ಲ, ನೇರವಾಗಿಯೇ ಹಾಕುತ್ತಾರೆ. ನಮ್ಮಲ್ಲಿ ಸಿಗುವ ಬಲಿತ, ನೀರುತುಂಬಿದ ಸೌತೆಗೆ ಈ ಕೆಲಸ ತಪ್ಪಿಸಬಾರದೆಂಬುದು ನನ್ನ ಅನುಭವ.

ದೊಣ್ಣೆ ಮೆಣಸಿನಕಾಯಿಯನ್ನು ಬೀಜ ತೆಗೆದು ಉಂಗುರಗಳಾಗಿ ಹೆಚ್ಚಿಡಿ.

## ಹಂತ 5: ಟೊಮೆಟೊ ಹೆಚ್ಚುವುದು

ಹಸಿಯಾಗಿ ತಿನ್ನುವುದರಿಂದ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆಯ ಮೇಲೆ ಒಂದು ಹನಿಯೂ ಉಳಿಯದಂತೆ ಒರೆಸಿ.

ಚಾಕು ಮೊಂಡಾಗಿದ್ದರೆ ಸಿಪ್ಪೆ ಕತ್ತರಿಸುವ ಬದಲು ಹಣ್ಣು ಅಪ್ಪಚ್ಚಿಯಾಗುತ್ತದೆ, ಲೋಳೆಯೆಲ್ಲ ಮಣೆಯ ಮೇಲೆ ಹರಿದುಹೋಗುತ್ತದೆ. ಗರಗಸದಂಥ ಹಲ್ಲಿರುವ ಬ್ರೆಡ್ ಚಾಕು ಈ ಕೆಲಸಕ್ಕೆ ಬಹಳ ಒಳ್ಳೆಯದು. ಸಾಣೆ ಹಿಡಿದ ಈಳಿಗೆಯೂ ಆಗುತ್ತದೆ, ಆದರೆ ರಸ ಮಣೆಯ ಮೇಲೆ ಸುರಿಯದಂತೆ ಕೆಳಗೆ ಬಟ್ಟಲಿಟ್ಟುಕೊಳ್ಳಿ.

ಮೊದಲು ತೊಟ್ಟಿನ ಕೆಳಗಿನ ಬಿಳಿ ಗಟ್ಟಿ ಭಾಗವನ್ನು ಕೊರೆದು ತೆಗೆಯಿರಿ. ಹೊರಿಯಾಟಿಕಿಗೆ ಪ್ರತಿ ಹಣ್ಣನ್ನು ಆರು ಅಥವಾ ಎಂಟು ದೊಡ್ಡ ಹೋಳು ಮಾಡಬೇಕು. ಸಣ್ಣಗೆ ಹೆಚ್ಚಿದಷ್ಟೂ ಕತ್ತರಿಸಿದ ಮೈ ಹೆಚ್ಚಿ ರಸ ಬೇಗ ಬಿಡುತ್ತದೆ. ಹೆಚ್ಚಿದ ಮಣೆಯ ಮೇಲೆ ನಿಂತ ರಸವನ್ನೂ ಬಟ್ಟಲಿಗೆ ಬಳಿದುಹಾಕಿ.

## ಹಂತ 6: ಉಪ್ಪು ಹಾಕಿ ಕಾಯುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಅಗಲ ಬಟ್ಟಲಿನಲ್ಲಿ ಹೋಳುಗಳನ್ನು ಹರಡಿ ಅರ್ಧ ಚಮಚ ಉಪ್ಪನ್ನು ಎತ್ತರದಿಂದ ಎಲ್ಲ ಕಡೆ ಬೀಳುವಂತೆ ಉದುರಿಸಿ, ಒಮ್ಮೆ ಮೆಲ್ಲಗೆ ತಿರುವಿ ಸುಮ್ಮನೆ ಬಿಡಿ. ಫೆಟಾ ಮತ್ತು ಆಲಿವ್ ಎರಡರಲ್ಲೂ ಉಪ್ಪಿರುವುದರಿಂದ ಇದಕ್ಕಿಂತ ಹೆಚ್ಚು ಬೇಡ. ಚೀಸ್ ಇಲ್ಲದ ಸಲಾಡಾದರೆ ಮುಕ್ಕಾಲು ಚಮಚದವರೆಗೆ ಹೋಗಬಹುದು.

ಹತ್ತಿರದಿಂದ ನೋಡುತ್ತಿರಿ. ಎರಡು ನಿಮಿಷದೊಳಗೆ ಕತ್ತರಿಸಿದ ಮೈ ಹೊಳೆಯತೊಡಗುತ್ತದೆ. ಐದನೆಯ ನಿಮಿಷದ ಹೊತ್ತಿಗೆ ಹೋಳಿನ ಅಂಚಿನಲ್ಲಿ ಬೆವರಿನಂತೆ ಹನಿಗಳು ಸಾಲುಗಟ್ಟುತ್ತವೆ, ಉಪ್ಪಿನ ಕಣಗಳು ಕಾಣದಾಗುತ್ತವೆ. ಹತ್ತರಿಂದ ಹದಿನೈದು ನಿಮಿಷಕ್ಕೆ ಬಟ್ಟಲು ಓರೆಮಾಡಿದರೆ ತಳದಲ್ಲಿ ತಿಳಿಗೆಂಪು ರಸ ಸೇರಿರುತ್ತದೆ, ಅದರಲ್ಲಿ ಒಂದೆರಡು ಬೀಜ ತೇಲುತ್ತಿರುತ್ತವೆ. ನನ್ನ ಅಡುಗೆಮನೆಯಲ್ಲಿ 600 ಗ್ರಾಂ ನಾಟಿ ಟೊಮೆಟೊದಿಂದ ಮೂರು ನಾಲ್ಕು ದೊಡ್ಡ ಚಮಚದಷ್ಟು ರಸ ಬರುತ್ತದೆ. ಅದನ್ನು ಚಮಚದಲ್ಲಿ ತೆಗೆದು ಕುಡಿದು ನೋಡಿ: ಹುಳಿ ಸಿಹಿ ಉಪ್ಪು ಮೂರೂ ಸ್ಪಷ್ಟವಾಗಿ ತಿಳಿಯಬೇಕು. ಇಲ್ಲಿ ರುಚಿಯಿದ್ದರೆ ತಟ್ಟೆಯಲ್ಲೂ ಇರುತ್ತದೆ. ಇಲ್ಲೇ ಸಪ್ಪೆಯಾಗಿದ್ದರೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಬಿಡಿ.

ಎಣ್ಣೆಯನ್ನು ಮೊದಲು ಹಾಕಬಾರದೇಕೆ? ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹೋಳಿಗೆ ಎಣ್ಣೆ ಅಂಟಿದ ಮೇಲೆ ಉದುರಿಸಿದ ಉಪ್ಪು ಟೊಮೆಟೊ ಒಳಕ್ಕೆ ಇಳಿಯಲಾರದೆ ಮೇಲೆಯೇ ಹರಳಾಗಿ ಕೂರುತ್ತದೆ. ಆಗ ಒಂದು ತುತ್ತು ಉಪ್ಪುಪ್ಪು, ಮುಂದಿನದು ಸಪ್ಪೆ. ಆಮೇಲೆ ತಡವಾಗಿ, ಊಟದ ಮೇಜಿನ ಮೇಲೆ, ನೀರು ಬಿಡತೊಡಗುತ್ತದೆ. ಮನೆಗೆ ಬಂದ ನೆಂಟರ ಮುಂದೆ ನನ್ನ ಮೊದಲ ಹೊರಿಯಾಟಿಕಿ ಹಾಗೆಯೇ ಕೆಟ್ಟಿತು. ಎಲ್ಲವನ್ನೂ ಒಟ್ಟಿಗೆ ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದೆ, ಬಡಿಸುವ ಹೊತ್ತಿಗೆ ಫೆಟಾ ಕರಗಿ ಬಟ್ಟಲ ತುಂಬ ಗುಲಾಬಿ ಬಣ್ಣದ ನೀರು ನಿಂತಿತ್ತು.

## ಹಂತ 7: ಹುಳಿ ಮತ್ತು ಎಣ್ಣೆ

ಬಟ್ಟಲಿನ ರಸದ ರುಚಿ ನೋಡಿದ ಮೇಲೆಯೇ ವಿನೆಗರ್ ಬೇಕೇ ಬೇಡವೇ ಎಂದು ತೀರ್ಮಾನಿಸಿ. ನಾಟಿ ಟೊಮೆಟೊಗೆ ಸಾಮಾನ್ಯವಾಗಿ ಬೇಡ. ಸಿಹಿಯಾದ ಚೆರ್ರಿ ಟೊಮೆಟೊಗೆ ಎರಡು ಚಮಚ ಹಾಕಬಹುದು. ಉಪ್ಪಿನಕಾಯಿಗೆ ಬಳಸುವ ಬಿಳಿ ವಿನೆಗರ್ ಇಲ್ಲಿ ತೀರಾ ಒರಟು, ಅದರ ಬದಲು ಅಷ್ಟೇ ಪ್ರಮಾಣದ ನಿಂಬೆರಸ ಹಿಂಡಿ. ಸಪ್ಪೆ ಹಣ್ಣಿಗೆ ಸಕ್ಕರೆ ಹಾಕುವ ರೂಢಿ ಕೆಲವರಲ್ಲಿದೆ. ಸಕ್ಕರೆ ಸಿಹಿ ಕೊಟ್ಟೀತು, ಇಲ್ಲದ ಪರಿಮಳವನ್ನು ತಾರದು.

ನಂತರ ಮೂರು ದೊಡ್ಡ ಚಮಚ ಎಣ್ಣೆಯನ್ನು ಹೋಳುಗಳ ಮೇಲೆ ಸುರಿದು, ತಳದ ರಸವೂ ಎಣ್ಣೆಯೂ ಕೂಡಿಕೊಳ್ಳುವಂತೆ ಕೈಯಿಂದ ಅಥವಾ ಎರಡು ಚಮಚಗಳಿಂದ ಕೆಳಗಿನದನ್ನು ಮೇಲಕ್ಕೆ ತನ್ನಿ. ನಾಲ್ಕೈದು ಸಲ ತಿರುವಿದರೆ ರಸ ತುಸು ಗಟ್ಟಿಯಾಗಿ, ಹೊಳೆಯುತ್ತ ಹೋಳಿಗೆ ಅಂಟಿಕೊಳ್ಳುತ್ತದೆ. ಉಳಿದ ಒಂದು ದೊಡ್ಡ ಚಮಚ ಎಣ್ಣೆ ಕೊನೆಗೆ ಬೇಕು.

## ಹಂತ 8: ಜೋಡಿಸಿ ಬಡಿಸುವುದು

ಸೌತೆ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಆಲಿವ್‌ಗಳನ್ನು ಸೇರಿಸಿ ಒಂದೇ ಸಲ ತಿರುವಿ, ಅಗಲ ತಟ್ಟೆಗೆ ರಸಸಮೇತ ಹಾಕಿ. ಫೆಟಾವನ್ನು ಪುಡಿಮಾಡದೆ ಒಂದೇ ಚಪ್ಪಟೆ ತುಂಡಾಗಿ ಮೇಲಿಡಿ, ಪುಡಿಮಾಡಿ ಕಲಸಿದರೆ ರಸವೆಲ್ಲ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಒರೆಗಾನೊವನ್ನು ಅಂಗೈಗಳ ನಡುವೆ ಉಜ್ಜಿ ಅದರ ಮೇಲೆ ಉದುರಿಸಿ, ಉಳಿದ ಎಣ್ಣೆ ಸುರಿಯಿರಿ. ಲೆಟ್ಯೂಸ್ ಇದಕ್ಕೆ ಸೇರುವುದಿಲ್ಲ.

ಹತ್ತು ನಿಮಿಷದೊಳಗೆ ಊಟಕ್ಕೆ ಕೂರಬೇಕು. ತಳದಲ್ಲಿ ಉಳಿಯುವ ರಸಕ್ಕೆ ಬ್ರೆಡ್ ಅದ್ದಿ ತಿನ್ನುವುದನ್ನು ಗ್ರೀಕರು ಪಪಾರಾ ಎನ್ನುತ್ತಾರೆ. ದಪ್ಪ ಸಿಪ್ಪೆಯ ಬ್ರೆಡ್ ಜೊತೆಗಿರಲಿ.

## ಇದೇ ಕ್ರಮದಲ್ಲಿ ಇನ್ನೂ ಮೂರು

ಇಟಲಿಯ ಕಾಪ್ರೆಸೆಗೆ ಟೊಮೆಟೊವನ್ನು ಅಡ್ಡಲಾಗಿ, ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಉಪ್ಪು ಹಾಕಬೇಕು. ಇಲ್ಲಿ ನೀರು ಬಿಡುವ ಎರಡನೆಯ ಪದಾರ್ಥ ಮೊಜರೆಲ್ಲಾ. ನೀರಿನಲ್ಲಿ ತೇಲಿಸಿ ಮಾರುವ ಮೃದುವಾದ ಉಂಡೆಯನ್ನು ಅರ್ಧ ಗಂಟೆ ಜರಡಿಯಲ್ಲಿ ಬಸಿದು, ಬಿಲ್ಲೆ ಮಾಡಿ ಬಟ್ಟೆಯ ಮೇಲೆ ಮತ್ತೈದು ನಿಮಿಷ ಇಡಿ. ಪಿಜ್ಜಾಗೆ ತುರಿಯುವ ಗಟ್ಟಿ ಮೊಜರೆಲ್ಲಾ ಇದಕ್ಕೆ ಆಗುವುದೇ ಇಲ್ಲ. ಟೊಮೆಟೊ ಬಿಟ್ಟ ರಸವನ್ನು ಎಣ್ಣೆಯೊಂದಿಗೆ ಕಲಕಿ ಮೇಲೆ ಹನಿಸಿ. ಬೇಸಿಲ್ ಎಲೆಗಳನ್ನು ಕೊನೆಯಲ್ಲಿ ಕೈಯಿಂದ ಹರಿದು ಹಾಕಿ, ಚಾಕು ತಾಗಿಸಿದರೆ ಅಂಚು ಕಪ್ಪಾಗುತ್ತದೆ. ನಮ್ಮ ಕಾಮಕಸ್ತೂರಿಯೂ ಬೇಸಿಲ್ ಜಾತಿಯದೇ, ಆದರೆ ಘಾಟು ಹೆಚ್ಚಿರುವುದರಿಂದ ಅರ್ಧದಷ್ಟು ಸಾಕು. ವಿನೆಗರ್ ಬೇಡ.

ಟರ್ಕಿಯ ಚೊಬಾನ್ ಸಲಾತಾಸಿ, ಅಂದರೆ ಕುರುಬರ ಸಲಾಡ್, ನಮ್ಮ ಕಣ್ಣಿಗೆ ಕೋಸಂಬರಿಯಂತೆಯೇ ಕಾಣುತ್ತದೆ. ಟೊಮೆಟೊ, ಸೌತೆ, ಹಸಿಮೆಣಸು, ಈರುಳ್ಳಿ ಎಲ್ಲವೂ ಒಂದು ಸೆಂಟಿಮೀಟರಿಗಿಂತ ಸಣ್ಣ ಹೋಳುಗಳಾಗಿರಬೇಕು. ಹೋಳು ಸಣ್ಣದಾದ್ದರಿಂದ ಟೊಮೆಟೊಗೆ ಉಪ್ಪು ಹಾಕಿ ಐದೇ ನಿಮಿಷ ಕಾಯಿರಿ. ಪಾರ್ಸ್ಲಿ ಸೊಪ್ಪು, ನಿಂಬೆರಸ, ಆಲಿವ್ ಎಣ್ಣೆ ಕೊನೆಗೆ.

ಟಸ್ಕನಿಯ ಪನ್ಜನೆಲ್ಲಾದಲ್ಲಿ ಹೆಚ್ಚು ರಸವೇ ಬೇಕು, ಏಕೆಂದರೆ ಅದನ್ನು ಹೀರಲು ಒಣಗಿದ ಬ್ರೆಡ್ ಇದೆ. ಆ ಪ್ರದೇಶದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಹಾಗಾಗಿ ಟೊಮೆಟೊಗೆ ಮುಕ್ಕಾಲು ಚಮಚ ಉಪ್ಪು ಹಿಡಿಯುತ್ತದೆ. ಉಪ್ಪಿರುವ ಬ್ರೆಡ್ ಬಳಸಿದರೆ ಅರ್ಧಕ್ಕೆ ನಿಲ್ಲಿಸಿ. 600 ಗ್ರಾಂ ಟೊಮೆಟೊಗೆ ಎರಡು ಮೂರು ದಿನ ಒಣಗಿದ 250 ಗ್ರಾಂ ಬ್ರೆಡ್ ತೆಗೆದುಕೊಂಡು ತಣ್ಣೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಿ, ಎರಡೂ ಕೈಯಲ್ಲಿ ಬಲವಾಗಿ ಹಿಂಡಿ, ಉದುರುದುರಾಗಿ ಮುರಿದುಹಾಕಿ. ಟೊಮೆಟೊ, ಅದರ ರಸ, ಈರುಳ್ಳಿ, ಬೇಸಿಲ್, ಒಂದು ದೊಡ್ಡ ಚಮಚ ವೈನ್ ವಿನೆಗರ್, ಎಣ್ಣೆ ಬೆರೆಸಿ ಅರ್ಧ ಗಂಟೆ ಬಿಡಿ. ಬೇಕರಿಯ ಸಿಹಿ ಬ್ರೆಡ್ಡಾಗಲಿ, ಪ್ಯಾಕೆಟ್ಟಿನ ಸ್ಯಾಂಡ್‌ವಿಚ್ ಬ್ರೆಡ್ಡಾಗಲಿ ನೆನೆದಾಗ ಅಂಟಿನಂತಾಗುತ್ತದೆ. ಸವರ್‌ಡೋ ಬ್ರೆಡ್ ಸಿಕ್ಕರೆ ಮಾತ್ರ ಇದಕ್ಕೆ ಕೈಹಾಕಿ.

## ಎಚ್ಚರಿಕೆಯ ಗುರುತುಗಳು

ಹೆಚ್ಚಿದಾಗ ಬೀಜಗಳು ಒಳಗೇ ಮೊಳಕೆಯೊಡೆದಿದ್ದರೆ ಆ ಹಣ್ಣು ಬಹಳ ಹಳೆಯದು, ಸಲಾಡಿಗೆ ಬೇಡ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಬಳಸುವುದು ಸರಿಯಲ್ಲ. ಮೆತ್ತಗಿನ, ನೀರಿನಂಶದ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹರಡಿರುತ್ತದೆ, ಇಡೀ ಹಣ್ಣನ್ನು ಎಸೆಯಬೇಕು.

ಉಪ್ಪು ಹಾಕಿ ಹದಿನೈದು ನಿಮಿಷವಾದರೂ ರಸವೇ ಬರದಿದ್ದರೆ ಹಣ್ಣು ಮಾಗಿಲ್ಲ ಎಂದರ್ಥ. ಇನ್ನಷ್ಟು ಉಪ್ಪು ಸುರಿಯುವ ಬದಲು ಆ ಹೋಳುಗಳನ್ನು ಪಲ್ಯಕ್ಕೋ ಸಾರಿಗೋ ತಿರುಗಿಸಿ. ರಸ ಕೆಂಪಾಗಿರದೆ ನೀರಿನಂತೆ ಬಣ್ಣವಿಲ್ಲದೆ ಇದ್ದರೆ ತೊಳೆದ ನೀರು ಅಥವಾ ಈರುಳ್ಳಿಯ ನೀರು ಸೇರಿದೆ.

ಹೆಚ್ಚಿದ ಟೊಮೆಟೊವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಸೆಖೆ 32 ಡಿಗ್ರಿ ದಾಟುವ ದಿನಗಳಲ್ಲಿ ಒಂದು ಗಂಟೆಯೇ ಮಿತಿ.

## ಉಳಿದರೆ

ಬೆರೆಸಿದ ಸಲಾಡ್ ಮರುದಿನಕ್ಕೆ ಸಲಾಡಾಗಿ ಉಳಿಯುವುದಿಲ್ಲ. ಸೌತೆ, ಆಲಿವ್, ಚೀಸ್ ಆರಿಸಿ ಬೇರೆ ಮಾಡಿ, ಟೊಮೆಟೊ, ಮೆಣಸಿನಕಾಯಿ, ಈರುಳ್ಳಿಗಳನ್ನು ರಸಸಮೇತ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಬಾಣಲೆಯಲ್ಲಿ ನೀರು ಆರುವವರೆಗೆ ಬಾಡಿಸಿ ಎರಡು ಮೊಟ್ಟೆ ಒಡೆದು ಹಾಕಿ ಮೆಲ್ಲಗೆ ಕಲಕಿದರೆ ಟರ್ಕಿಯವರು ತಿಂಡಿಗೆ ಮಾಡುವ ಮೆನೆಮೆನ್‌ಗೆ ಹತ್ತಿರದ ಪದಾರ್ಥವಾಗುತ್ತದೆ. ಸಲಾಡಿನಲ್ಲಿ ಉಪ್ಪು ಮೊದಲೇ ಇರುವುದರಿಂದ ಮೊಟ್ಟೆಗೆ ಬೇರೆ ಹಾಕುವ ಮುನ್ನ ರುಚಿ ನೋಡಿ.